ಕೋವಿ ಪಾಲು

ಶಿವಯೋಗಪ್ಪನವರು ಲಿಂಗೈಕ್ಯರಾಗಿ ನಾಲ್ಕು ತಿಂಗಳಾಗಿತ್ತು. ಮನೆ, ಲಾರಿಗಳು, ಬ್ಯಾಂಕಿನ ಲಾಕರು ಎಲ್ಲವೂ ಒಂದೊಂದಾಗಿ ಹೆಂಡತಿಯ ಹೆಸರಿಗೋ ಮಗನ ಹೆಸರಿಗೋ ಬಂದು ಸೇರಿದ್ದವು. ಉಳಿದದ್ದು ಕೋವಿಯೊಂದೇ. ಚುನಾವಣೆಗೆ ಮುಂಚೆ ಊರಿನ ಎಲ್ಲರ ಕೋವಿಗಳ ಜೊತೆ ಅದೂ ಪೊಲೀಸ್ ಠಾಣೆಗೆ ಹೋಗಿತ್ತು. ಅದನ್ನು ಬಿಡಿಸಿಕೊಂಡು ಬರುವ ಮೊದಲೇ ಯಜಮಾನರು ಹೊರಟುಹೋದರು. ವಾರಸುದಾರರು ಬಂದು ಏನಾದರೊಂದು ತೀರ್ಮಾನ ಹೇಳಬೇಕೆಂದು ಠಾಣೆಯಿಂದ ಎರಡು ಸಲ ಫೋನ್ ಬಂದಿತ್ತು.

ತೀರ್ಮಾನವನ್ನು ಮಗ ಜ್ಞಾನೇಶ ಆಗಲೇ ಮಾಡಿಬಿಟ್ಟಿದ್ದ. ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು, ಅಪ್ಪನ ಜೋಡಿ ನಳಿಗೆಯ ಕೋವಿಯನ್ನು ಅಂಗಡಿಗೆ ಕೊಟ್ಟು ಬದಲಿಗೆ ಒಂದು ರಿವಾಲ್ವರ್ ತೆಗೆದುಕೊಳ್ಳುವುದು. ಅದಕ್ಕೆ ಬೇಕಾದದ್ದು ತಾಯಿಯ ಒಪ್ಪಿಗೆ ಪತ್ರ. ಟೈಪು ಮಾಡಿಸಿ ತಂದೂ ಇಟ್ಟಿದ್ದ. ಉಮಾಮಹೇಶ್ವರಿ ಆ ಹಾಳೆಯನ್ನು ದೇವರಮನೆಯ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗಿಟ್ಟು, "ನೋಡೋಣ" ಎಂದಿದ್ದಳು. ಹಾಗೆಂದು ಹದಿನೈದು ದಿನ ಕಳೆದಿತ್ತು.

"ನೀನೇ ಬಂದು ನೋಡು. ನೋಡಿದ್ರೆ ನಿಂಗೆ ಹೆದರಿಕೆ ಹೋಗುತ್ತೆ" ಎಂದು ಜ್ಞಾನೇಶ ಆ ದಿನ ಅವಳನ್ನು ಗಾಂಧಿ ಬಜಾರಿನಾಚೆಯ ಓಣಿಯೊಂದರಲ್ಲಿದ್ದ ಬಂದೂಕಿನ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯ ವಿಶ್ವಾರಾಧ್ಯ ಶಿವಯೋಗಪ್ಪನವರಿಗೆ ಹಳೆಯ ಪರಿಚಯ. ಕನ್ನಡಕವನ್ನು ಹಣೆಗೇರಿಸಿ, "ಬನ್ನಿ ಉಮಕ್ಕ, ಈ ಕಡೆ ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದು ಕೊಟ್ಟರು. ಗಾಜಿನ ಪೆಟ್ಟಿಗೆಯ ಮೇಲೆ ಕಪ್ಪು ಬಟ್ಟೆ ಹಾಸಿ, ಕಬ್ಬಿಣದ ಬೀರುವಿನಿಂದ ಒಂದು ರಿವಾಲ್ವರ್ ತಂದಿಟ್ಟರು.

"ನೋಡು ಮಾರಾಯ. ಕೈ ಬಂದೂಕು ಅಂದ್ರೆ ನಮ್ಮಂಥೋರಿಗೆ ಸಿಗೋದು ಇದೇ. ಮೂವತ್ತೆರಡು ಬೋರು, ನಳಿಗೆ ಬಾಯಿ ಇಷ್ಟೇ."

ಜ್ಞಾನೇಶ ಅದನ್ನು ಕೈಯಲ್ಲಿ ತೂಗಿ ನೋಡಿದ. "ಇದಕ್ಕಿಂತ ದೊಡ್ಡ ಬೋರಿಲ್ವಾ ಅಂಕಲ್? ನಲವತ್ನಾಲ್ಕು, ಆಮೇಲೆ ಆ ಮ್ಯಾಗ್ನಂ ಅಂತಾರಲ್ಲ..."

"ಅದೆಲ್ಲ ಫೋನಲ್ಲಿ ನೋಡಿದ್ದು. ಅಮೇರಿಕಾದೋರ ಸಂತೆ ಅದು. ಅದನ್ನ ಇಟ್ಕೊಂಡು ನೀನೇನು ಹೊಡೀಬೇಕಾಗಿದೆ?"

"ಏನಿಲ್ಲ, ಸುಮ್ನೆ ಕೇಳ್ದೆ. ಒಂದು ಜಿಂಕೆ ಗಾತ್ರದ್ದು ಎದುರಿಗೆ ಬಂತು ಅಂತಿಟ್ಕೊಳ್ಳಿ. ಈ ಮೂವತ್ತೆರಡರಲ್ಲಿ ಬೀಳುತ್ತಾ?"

ವಿಶ್ವಾರಾಧ್ಯರು ನಕ್ಕರು. "ಜಿಂಕೆ ಗಾತ್ರದ್ದು ಅಂದ್ರೆ ಜಿಂಕೇನೇ ತಾನೇ? ಆನೆ ಮರಿ ಅಲ್ವಲ್ಲ? ಜಿಂಕೆಗೆ ಸರಿಯಾದ ಬೋರು ಒಂದೇ ಕಣಯ್ಯ, ಕ್ಯಾಮೆರಾ. ಬೇರೆ ಯಾವುದು ಹಿಡಿದ್ರೂ ಸೀದಾ ಜೈಲು. ಇದರಲ್ಲಿ ಹೊಡೆದ್ರೆ ಅದು ಬೀಳೋದೂ ಇಲ್ಲ. ಗುಂಡು ಹೊಟ್ಟೇಲಿ ಇಟ್ಕೊಂಡು ಓಡಿ, ಎಲ್ಲೋ ಪೊದೇಲಿ ಮೂರು ದಿನ ನರಳಿ ಸಾಯುತ್ತೆ. ಇದು ಹತ್ತಿರದಿಂದ ಮನುಷ್ಯರಿಗೆ ಅಂತ ಮಾಡಿದ್ದು." ಆಮೇಲೆ ಉಮಾಮಹೇಶ್ವರಿಯ ಕಡೆ ತಿರುಗಿದರು. "ನಿಮ್ಮ ಯಜಮಾನ್ರದ್ದು ಹನ್ನೆರಡು ಬೋರು, ಕೋವಿ ಲೆಕ್ಕವೇ ಬೇರೆ. ಅವ್ರ ಗುಂಡು ಒಂದು ದಿನಾನೂ ತಪ್ಪಿಲ್ಲ ಅಂತ ಭದ್ರಾವತಿಯೋರು ಈಗ್ಲೂ ಹೇಳ್ತಾರೆ. ಅಲ್ವಾ ಉಮಕ್ಕ?"

ಮಗ ಅವಳ ಅಂಗೈಯನ್ನು ಬಿಡಿಸಿ ರಿವಾಲ್ವರನ್ನು ಅದರಲ್ಲಿಟ್ಟ. ಏಲಕ್ಕಿ ಜಜ್ಜುವ ಕಬ್ಬಿಣದ ಕುಟ್ಟಾಣಿಯಷ್ಟು ತೂಕವಿತ್ತು. ತಣ್ಣಗಿತ್ತು. "ನೋಡಿದ್ಯಾ, ಇಷ್ಟೇ" ಎಂದ ಅವನು.

ಮನೆಗೆ ಬರುವ ದಾರಿಯಲ್ಲಿ ಕಾರು ಓಡಿಸುತ್ತಲೇ ಸ್ಪೀಕರಿನಲ್ಲಿ ಗೆಳೆಯ ಮಧುವಿನ ಜೊತೆ ಮಾತಾಡಿದ. ಗಾಜನೂರಿನ ಹತ್ತಿರ ಮಧುವಿನ ಫಾರ್ಮ್ ಹೌಸ್ ಇತ್ತು. ಭಾನುವಾರಗಳಲ್ಲಿ ಐದಾರು ಜನ ಅಲ್ಲಿ ಸೇರುತ್ತಿದ್ದರು.

"ಕೋವೀಲಿ ದೂರ ನಿಂತ್ಕೊಂಡು ಯಾವನ್ ಬೇಕಾದ್ರೂ ಹೊಡೀತಾನೆ ಮಾರಾಯ" ಎನ್ನುತ್ತಿದ್ದ ಮಗ. "ಇದ್ರಲ್ಲಾದ್ರೆ ಇಪ್ಪತ್ತು ಹೆಜ್ಜೆ ಹತ್ರ ಹೋಗ್ಬೇಕು. ಅದರ ಉಸಿರು ಕೇಳ್ಬೇಕು. ಅದಕ್ಕೆ ಗುಂಡಿಗೆ ಬೇಕು."

"ಮೊದ್ಲು ನಿಮ್ಮಮ್ಮನ ಸೈನ್ ತಗೊ. ಆಮೇಲೆ ಉಸಿರು ಕೇಳು" ಎಂದು ಮಧು ನಕ್ಕ. ಪಕ್ಕದಲ್ಲಿ ಅವಳು ಕೂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಜ್ಞಾನೇಶನಿಗೆ ಗೊತ್ತಿತ್ತು. ಆದರೂ ಅವನೂ ನಕ್ಕ.

ರವೀಂದ್ರನಗರದ ಆ ಮನೆಯಲ್ಲಿ ಈಗ ತಾಯಿ ಮಗ ಇಬ್ಬರೇ. ಸೊಸೆ ಅಮೂಲ್ಯ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಸಂಜೆ ಚಹಾ ಕೊಡಲು ಹೋದಾಗ ಮಗ ಸೋಫಾದಲ್ಲಿ ಒರಗಿಕೊಂಡು ವಿಡಿಯೋ ನೋಡುತ್ತಿದ್ದ. ಗಡ್ಡದವನೊಬ್ಬ ಮೇಜಿನ ಮೇಲೆ ಗುಂಡುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೂ ಎತ್ತಿ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಮದುವೆಯಲ್ಲಿ ಬಳೆಗಾರ ಬಳೆ ತೋರಿಸುವಷ್ಟು ಅಕ್ಕರೆಯಿಂದ. ಆಮೇಲೆ ಜಿಂಕೆಯ ಚಿತ್ರ ಬಂತು. ಮುಂಗಾಲಿನ ಹಿಂದೆ, ಪಕ್ಕೆಯ ಮೇಲೆ ಒಂದು ಕೆಂಪು ವೃತ್ತ.

ಅವಳು ಚಹಾದ ಲೋಟವನ್ನು ಅಲ್ಲೇ ಕೆಳಗಿಟ್ಟಳು. ಧರ್ಮಪ್ಪನಿಗೆ ಗುಂಡು ಬಿದ್ದದ್ದು ಅಲ್ಲೇ ಎಂದು ಇಪ್ಪತ್ತಾರು ವರ್ಷದ ಹಿಂದೆ ಯಾರೋ ಹೇಳಿದ್ದರು. ಕಂಕುಳ ಕೆಳಗೆ, ಪಕ್ಕೆಗೆ.

ಆಗ ಅವರೆಲ್ಲ ಭದ್ರಾವತಿಯಲ್ಲಿದ್ದರು. ಶಿವಯೋಗಪ್ಪನವರ ಲಾರಿ ಶೆಡ್ಡಿನ ಹಿಂದೆಯೇ ಮನೆ. ಧರ್ಮಪ್ಪ ಶೆಡ್ಡಿನಲ್ಲಿ ಲೋಡಿಂಗ್ ಮಾಡುತ್ತಿದ್ದ. ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿದ ದಿನ ಅಲ್ಲಿಗೂ ಹೋಗುತ್ತಿದ್ದ. ಆದರೆ ಅವನು ಹೆಸರು ಮಾಡಿದ್ದು ಶಿಕಾರಿಯಲ್ಲಿ. ಪೊದೆಗಳೊಳಗೆ ನುಗ್ಗಿ, ಕೂಗುತ್ತಾ ಬಡಿಯುತ್ತಾ ಪ್ರಾಣಿಗಳನ್ನು ಕೋವಿ ಹಿಡಿದವರ ಕಡೆಗೆ ಎಬ್ಬಿಸುವುದರಲ್ಲಿ ಅವನಂಥವನಿಲ್ಲ ಎನ್ನುತ್ತಿದ್ದರು. ಶಿವಯೋಗಪ್ಪನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಪಾದೋದಕ ತೆಗೆದುಕೊಂಡು, ಅದೇ ಮಡಿಯಲ್ಲಿ ಕೋವಿ ಹೆಗಲಿಗೇರಿಸುತ್ತಿದ್ದರು. "ಕೊರಳಲ್ಲಿ ಅದು, ಹೆಗಲಲ್ಲಿ ಇದು. ಇದೆಂಥಾ ಧರ್ಮ?" ಎಂದು ಅವಳು ಕೇಳಿದರೆ, "ನಾನು ತಿಂತೀನೇನೆ? ಬರೀ ಹೊಡೀತೀನಿ" ಎನ್ನುತ್ತಿದ್ದರು.

ಶಿಕಾರಿಗೊಂದು ಕಟ್ಟಳೆಯಿತ್ತು. ಬಿದ್ದ ಪ್ರಾಣಿಯನ್ನು ಹೋದವರೆಲ್ಲ ಸಮನಾಗಿ ಪಾಲು ಹಾಕಿಕೊಳ್ಳಬೇಕು. ಆಳಿಗೊಂದು ಪಾಲು, ನಾಯಿಗೊಂದು ಪಾಲು, ಕೋವಿಗೊಂದು ಪಾಲು. ಕೋವಿ ಪಾಲು ಅದರ ಯಜಮಾನನ ಮನೆಗೆ ಸೇರಬೇಕು, ಬಿಡುವ ಹಾಗಿಲ್ಲ. ಬಿಟ್ಟರೆ ಕೋವಿ ಮುನಿಯುತ್ತದೆಂದು ನಂಬಿಕೆ. ಆದರೆ ಲಿಂಗವಂತರ ಮನೆಯ ಹೊಸ್ತಿಲು ದಾಟಿ ಮಾಂಸ ಒಳಗೆ ಬರುವುದುಂಟೆ? ಉಮಾಮಹೇಶ್ವರಿ ಮದುವೆಯಾಗಿ ಬಂದ ವರ್ಷವೇ ದಾರಿ ಹುಡುಕಿದ್ದಳು. ಮುತ್ತುಗದ ಎಲೆಯಲ್ಲಿ ಕಟ್ಟಿ ತಂದದ್ದನ್ನು ಹಿತ್ತಲ ಕಲ್ಲಿನ ಮೇಲೆ ಒಂದು ಗಳಿಗೆ ಇಡಿಸಿ, ಹಾಗೇ ಧರ್ಮಪ್ಪನ ಕೈಯಲ್ಲಿ ಅವನ ಮನೆಗೆ ಕಳಿಸುವುದು. ಕೋವಿಗೂ ಸಂದಿತು, ಮನೆಗೂ ಮೈಲಿಗೆಯಾಗಲಿಲ್ಲ. ಧರ್ಮಪ್ಪನ ಹೆಂಡತಿ ದುರ್ಗಮ್ಮ ಎರಡು ಪಾಲು ಬೇಯಿಸುತ್ತಿದ್ದಳು.

ಆ ಡಿಸೆಂಬರಿನಲ್ಲಿ ಚಳಿ ಹೆಚ್ಚಿತ್ತು. ಉಮಾಮಹೇಶ್ವರಿ ಗಂಡನಿಗೆಂದು ಒಂದು ಸ್ವೆಟರ್ ಹೆಣೆದಿದ್ದಳು. ಕಂದು ಉಣ್ಣೆ ಸಾಲದೆ ಬಂದಾಗ ನಡುನಡುವೆ ಬಿಳಿಯ ಎಳೆ ಸೇರಿಸಿದ್ದಳು. ಮುಗಿದ ಮೇಲೆ ನೋಡಿದರೆ ಮೈತುಂಬ ಬಿಳಿ ಚುಕ್ಕಿ. ಶಿವಯೋಗಪ್ಪನವರು ಎತ್ತಿ ನೋಡಿ ಬಿದ್ದು ಬಿದ್ದು ನಕ್ಕರು. "ಇದೇನೇ, ಜಿಂಕೆ ಚರ್ಮ ಸುಲಿದ ಹಾಗಿದೆ. ಇದನ್ನ ಹಾಕ್ಕೊಂಡು ಕಾಡಿಗೆ ಹೋದ್ರೆ ನನ್ನನ್ನೇ ಹೊಡೆದು ಪಾಲು ಹಾಕ್ತಾರೆ." ಅದು ಪೆಟ್ಟಿಗೆಯ ತಳ ಸೇರಿತು. ಆಮೇಲೊಂದು ಭಾನುವಾರ ಬೆಳಿಗ್ಗೆ ಶಿಕಾರಿಗೆ ಹೊರಡಲು ಬಂದ ಧರ್ಮಪ್ಪ ತೆಳ್ಳನೆ ಅಂಗಿಯಲ್ಲಿ ನಡುಗುತ್ತ ಜಗಲಿಯ ಕೆಳಗೆ ನಿಂತಿದ್ದ. ನೋಡಲಾರದೆ ಅವಳು ಪೆಟ್ಟಿಗೆ ತೆಗೆದು ಸ್ವೆಟರನ್ನು ಅವನ ಕೈಗೆ ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಅವನು ಸತ್ತಿದ್ದ. ಸೌದೆಗೆ ಹೋಗಿದ್ದವನಿಗೆ ಯಾರೋ ಕಳ್ಳಬೇಟೆಯವರ ಗುಂಡು ತಗುಲಿತು ಎಂದು ಊರಿಗೆ ಹೇಳಿದರು. ಶಿವಯೋಗಪ್ಪನವರು ಹಿಂಬಾಗಿಲಿನಿಂದ ಬಂದು ತಲೆಯ ಮೇಲೆ ನೀರು ಸುರಿದುಕೊಂಡು, "ಪೊದೆ ಅಲ್ಲಾಡಿತು ಕಣೇ" ಎಂದಷ್ಟೇ ಹೇಳಿದರು. ಮೂರನೆಯ ದಿನ ಪೊಲೀಸರು ಬಂದರು. ನಾಲ್ಕು ವರ್ಷದ ಜ್ಞಾನೇಶ ಅವಳ ಸೊಂಟದ ಮೇಲಿದ್ದ. ಭಾನುವಾರ ಯಜಮಾನರು ಎಲ್ಲಿದ್ದರು ಎಂದು ಕೇಳಿದರು. "ಮನೆಯಲ್ಲೇ ಇದ್ದರು" ಎಂದಳು ಅವಳು.

ಆ ಮಾತು ಹೇಳಿ ಬದುಕುವುದು ಕಷ್ಟವಾಗಬೇಕಿತ್ತು. ಆದರೆ ಅವಳ ಎದೆಯ ಮೇಲೆ ಕೂತದ್ದು ಆ ಮಾತಲ್ಲ, ಸ್ವೆಟರು. ಗಂಡ ಜಿಂಕೆ ಎಂದು ನಕ್ಕಿದ್ದನ್ನು ಕಿವಿಯಾರೆ ಕೇಳಿಯೂ ಅದನ್ನೇ ಕೊಟ್ಟೆನಲ್ಲ! ಅವನನ್ನು ಕೊಂದದ್ದು ನನ್ನ ಎರಡು ಸೂಜಿಗಳು! ಅಂದಿನಿಂದ ಅವಳು ಉಣ್ಣೆ ಮುಟ್ಟಲಿಲ್ಲ. ಶಿವಮೊಗ್ಗಕ್ಕೆ ಮನೆ ಬದಲಾಯಿಸಿದರು. ಪ್ರತಿ ಮಹಾನವಮಿಯಲ್ಲಿ ಆಯುಧಪೂಜೆಗೆ ಕೋವಿಯನ್ನಿಟ್ಟು ಗಂಡ ಕುಂಕುಮ ಹಚ್ಚುವಾಗ ಅವಳು ಅಡಿಗೆಮನೆಯಲ್ಲೇ ಉಳಿಯುತ್ತಿದ್ದಳು. ದುರ್ಗಮ್ಮನನ್ನು ಒಮ್ಮೆಯೂ ನೋಡಲು ಹೋಗಲಿಲ್ಲ.

ಆ ಕೆಂಪು ವೃತ್ತವನ್ನು ನೋಡಿದ ಮರುದಿನ ಹೋದಳು.

ಮಗ ಕೆಲಸಕ್ಕೆ ಹೋದ ಮೇಲೆ ಬಸ್ಸು ಹತ್ತಿ, ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕೂತಳು. ದುರ್ಗಮ್ಮನ ಎದುರು ಏನು ಹೇಳಬೇಕೆಂದು ಭದ್ರಾವತಿ ಬರುವವರೆಗೂ ಜೋಡಿಸಿದಳು, ಕೆಡಿಸಿದಳು. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹಳೆಯ ಶೆಡ್ಡಿದ್ದ ಬೀದಿಗೆ ಹೋದಳು. ಶೆಡ್ಡಿನ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಹಿಂದಿನ ಓಣಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು "ಯಾರು ವೇಣುಂ?" ಎಂದು ತಮಿಳಿನಲ್ಲಿ ಕೇಳಿ, ಹೆಸರು ಹೇಳಿದೊಡನೆ ಕನ್ನಡಕ್ಕೆ ಹೊರಳಿ, "ಬಿಸಿಯೂಟದ ದುರ್ಗಮ್ಮನಾ? ಆ ನೀಲಿ ಬಾಗಿಲು" ಎಂದಳು.

ದುರ್ಗಮ್ಮ ಆಗಷ್ಟೇ ಶಾಲೆಯ ಅಡಿಗೆ ಮುಗಿಸಿ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

"ಓ, ಅಮ್ಮಾವ್ರು. ಯಜಮಾನ್ರು ಹೋದ್ರಂತೆ. ಕೇಳ್ದೆ. ಬನ್ನಿ. ಕುರ್ಚಿ ಮೇಲೆ ಕೂತ್ಕೊಳ್ಳಿ, ಚಾಪೆ ಒದ್ದೆ."

ಬೆಲ್ಲದ ಚೂರು, ನೀರು ತಂದಿಟ್ಟಳು. ಮಗಳು ಇಂಪನಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ, ಈ ವಾರ ಬೆಳಗಿನ ಡ್ಯೂಟಿ ಎಂದಳು. ಉಮಾಮಹೇಶ್ವರಿ ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ಮರೆತು, "ದುರ್ಗಮ್ಮ, ಆ ಸ್ವೆಟರ್ ನಾನು ಕೊಡಬಾರದಿತ್ತು" ಎಂದು ಅತ್ತುಬಿಟ್ಟಳು. ಗಂಡನ ನಗೆ, ಬಿಳಿ ಚುಕ್ಕಿ, ಜಗಲಿ, ಚಳಿ ಎಲ್ಲವನ್ನೂ ಹೇಳಿದಳು.

ದುರ್ಗಮ್ಮ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಮೊದಲು ಮೂಡಿದ್ದು ಬರೀ ಗೊಂದಲ.

"ಯಾವ ಸ್ವೆಟರು? ಆ ಚುಕ್ಕೀದಾ? ಅದನ್ನ ಅವ್ರು ಹಾಕ್ಕೊಂಡೇ ಇರ್ಲಿಲ್ಲವಲ್ಲ."

"ಏನು?"

"ಹೋಗ್ತಾ ದಾರೀಲಿ ಮನೆಗೆ ಬಂದು ನನ್ನ ಕೈಗೆ ಕೊಟ್ಟು ಹೋದ್ರು. ಹೊಸದು ಕಣೇ, ಮುಳ್ಳಿಗೆ ಸಿಕ್ಕಿ ಹರಿಯುತ್ತೆ, ಅಮ್ಮಾವ್ರು ಕೈಯಾರೆ ಹೆಣೆದದ್ದು ಅಂದ್ರು. ನಮ್ಮ ಇಂಪನಾ ಅದನ್ನ ತೋಳು ಮಡಚಿಕೊಂಡು ಹತ್ತನೇ ಕ್ಲಾಸಿನ ತನಕ ಹಾಕಿದ್ಲು." ದುರ್ಗಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಅವ್ರು ಹಾಕಿದ್ದು ಕಾರ್ಖಾನೆ ಶರ್ಟು. ನೀಲೀದು. ನೀಲಿ ಜಿಂಕೆ ಎಲ್ಲಿರುತ್ತೆ ಹೇಳಿ ಅಮ್ಮಾವ್ರೇ?"

ಉಮಾಮಹೇಶ್ವರಿ ಸೆರಗು ಬಾಯಿಗೆ ಹಿಡಿದವಳು ಹಾಗೇ ಕೂತಳು. ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಎದೆಯ ಮೇಲೆ ಹೊದ್ದುಕೊಂಡಿದ್ದ ಆ ಸ್ವೆಟರನ್ನು ಯಾರೋ ಎಳೆದು ತೆಗೆದಂತಾಗಿ, ಅದರ ಅಡಿಯಲ್ಲಿದ್ದದ್ದು ಈಗ ಬತ್ತಲೆಯಾಗಿ ಕಾಣುತ್ತಿತ್ತು. ಅದನ್ನು ದುರ್ಗಮ್ಮನೇ ಹೇಳಿದಳು.

"ಪೊಲೀಸ್ರಿಗೆ ನೀವೇನಂದ್ರಿ ಅನ್ನೋದು ನಂಗೆ ಗೊತ್ತು. ಹೊಡೆದೋರು ಯಾರು ಅಂತಾನೂ ಗೊತ್ತು. ಜೊತೇಲಿ ಹೋಗಿದ್ದ ಕರಿಯಣ್ಣ ಕುಡಿದು ಬಂದು ಎಲ್ಲಾ ಹೇಳ್ದ. ಬೆಳಿಗ್ಗೆ ಏನೂ ಗೊತ್ತಿಲ್ಲ ಅಂದ. ಅವನೂ ಹೋದ. ನೀವು ಬರ್ತೀರ ಅಂತ ಒಂದು ವರ್ಷ ಕಾದೆ. ಬೈಯೋಕಲ್ಲ. ನೀವು ಬಾಯಿ ಬಿಟ್ಟು ಹೌದು ಅಂದ್ರೆ ಸಾಕಿತ್ತು. ಆಮೇಲೆ ಮಗು, ಹೊಟ್ಟೆಪಾಡು. ಕಾಯೋದು ಬಿಟ್ಟೆ."

"ಆಗ ಇವನು ಚಿಕ್ಕವನು, ದುರ್ಗಮ್ಮ..."

"ನಮ್ಮದು ಎಂಟು ತಿಂಗಳದ್ದು." ದುರ್ಗಮ್ಮನ ದನಿ ಏರಲಿಲ್ಲ. ಎದ್ದು ಹೋಗಿ ಒಣಗಿದ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. "ನಿಮ್ಮನೇಲಿ ಮಾಂಸ ಬೇಯಿಸಲ್ಲ ಅಂತ ಪ್ರತಿ ಸಲ ಕೋವಿ ಪಾಲು ನಮ್ಮನೆಗೇ ಕಳಿಸ್ತಿದ್ರಿ. ಆ ಸಲಾನೂ ನಮ್ಮನೆಗೇ ಬಂತು. ನಿಮ್ಮ ಹೊಸ್ತಿಲು ಮೈಲಿಗೆ ಆಗ್ಲಿಲ್ಲ."

ಉಮಾಮಹೇಶ್ವರಿ ಮಗನ ಮಾತು ತೆಗೆದಳು. ಲೈಸೆನ್ಸು, ರಿವಾಲ್ವರು, ಒಪ್ಪಿಗೆ ಪತ್ರ. ಏನು ಮಾಡಲಿ ಎಂದು ಕೇಳಿದಳು.

"ಅದನ್ನ ನನ್ನ ಕೇಳ್ಬೇಡಿ" ಎಂದಳು ದುರ್ಗಮ್ಮ. "ಇನ್ನು ನಿಮ್ಮ ಪಾಲು ನೀವೇ ಇಟ್ಕೊಳ್ಳಿ." ಬಾಗಿಲ ತನಕ ಬಂದು, ಬಿಸಿಲಿದೆ, ಆಟೋದಲ್ಲೇ ಹೋಗಿ ಎಂದು ಹೇಳಿದಳು.

ಸಂಜೆ ಆರಕ್ಕೆ ಜ್ಞಾನೇಶ ಬಂದ. ಅವನು ಕೈಕಾಲು ತೊಳೆದು ಕೂತ ಮೇಲೆ ಅವಳು ಟೀವಿ ಆರಿಸಿ ಎದುರಿಗೆ ಕೂತಳು. ಎಲ್ಲವನ್ನೂ ಹೇಳಿದಳು. ಧರ್ಮಪ್ಪನ ಬಗ್ಗೆ ಹೇಳಿದಳು, ಅಲ್ಲಾಡಿದ ಪೊದೆಯ ಬಗ್ಗೆ ಹೇಳಿದಳು, "ನೀನು ನನ್ನ ಸೊಂಟದ ಮೇಲಿದ್ದೆ" ಎಂದು ಹೇಳಿ ತಾನಾಡಿದ ಸುಳ್ಳನ್ನೂ ಹೇಳಿದಳು. ಮಗ ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. ಅವನ ಮುಖ ಬಿಳಿಚಿಕೊಂಡದ್ದು ಕಂಡು ಅವಳಿಗೆ ಸಂಕಟವೂ ಆಯಿತು, ಒಂದು ಬಗೆಯ ಆಸೆಯೂ ಹುಟ್ಟಿತು. ಅವನ ತಲೆಯ ಮೇಲೆ ಕೈಯಿಡಬೇಕೆನಿಸಿತು.

ಆಮೇಲೆ ಅವನು ಕೇಳಿದ. "ಎಷ್ಟು ದೂರದಿಂದ?"

ಅವಳಿಗೆ ಅರ್ಥವಾಗಲಿಲ್ಲ.

"ಅಪ್ಪ ನಿಂತಿದ್ದ ಜಾಗಕ್ಕೂ ಅವನಿಗೂ ಎಷ್ಟು ದೂರ ಇತ್ತು? ಅರವತ್ತು ಎಪ್ಪತ್ತು ಗಜ ಇರ್ಬೇಕು. ಅಷ್ಟು ದೂರದಿಂದ ಪೊದೇಲಿರೋದು ಏನು ಅಂತ ಯಾರಿಗೆ ತಾನೆ ಗೊತ್ತಾಗುತ್ತೆ?" ಅವನು ಮುಂದಕ್ಕೆ ಬಾಗಿ, ಚಿಕ್ಕ ಮಗುವಿಗೆ ತಿಳಿಹೇಳುವಂತೆ ಮೃದುವಾಗಿ ಮಾತಾಡಿದ. "ಅದಕ್ಕೇ ಅಮ್ಮ ನಾನು ಹೇಳೋದು. ಕೋವಿದು ಇದೇ ತೊಂದರೆ. ಹ್ಯಾಂಡ್ ಗನ್ನಾದ್ರೆ ಹತ್ರ ಹೋಗ್ಲೇಬೇಕು, ಕಣ್ಣಾರೆ ನೋಡಿ ಹೊಡೀಬೇಕು. ಈ ಥರ ತಪ್ಪು ಆಗೋಕೆ ಚಾನ್ಸೇ ಇಲ್ಲ."

ಅವಳು ಮಗನನ್ನೇ ನೋಡಿದಳು. ಮೂಗು ಅಪ್ಪನದು, ಗಲ್ಲ ತನ್ನದು. ಇಷ್ಟು ಒಳ್ಳೆಯ ದನಿಯಲ್ಲಿ ಮಾತಾಡುವವನನ್ನು ಎಲ್ಲಿ ಹಿಡಿದು ನಿಲ್ಲಿಸುವುದು?

"ಅವ್ನಿಗೂ ಒಬ್ಳು ಮಗಳಿದ್ಲು ಕಣೋ" ಎಂದಳು. "ನಿಂಗೂ ಮುಂದಿನ ತಿಂಗಳು..."

"ಪಾಪ, ನಂಗೂ ಬೇಜಾರಾಗುತ್ತೆ. ಏನಾದ್ರೂ ಸಹಾಯ ಮಾಡೋಣ ಬೇಕಾದ್ರೆ. ಆದ್ರೆ ಇದನ್ನ ಇನ್ನು ಯಾರ ಹತ್ರಾನೂ ಹೇಳ್ಬೇಡ. ಅಪ್ಪನ ಹೆಸರು ಕೆಡುತ್ತೆ, ನನ್ನ ಲೈಸೆನ್ಸೂ ಆಗಲ್ಲ." ಅವನು ಎದ್ದು ಫೋನ್ ಕೈಗೆ ತೆಗೆದುಕೊಂಡ. "ನಾಳೆ ಠಾಣೆಗೆ ಹೋಗ್ತೀನಿ. ಆ ಪೇಪರಿಗೆ ಇವತ್ತೊಂದು ಸೈನ್ ಹಾಕ್ಬಿಡು. ಹಸಿವಾಗ್ತಿದೆ, ರೊಟ್ಟಿ ಇದ್ಯಾ?"

ಅವಳು ರೊಟ್ಟಿ ಬಿಸಿ ಮಾಡಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಮೊಸರು ತಂದಿಟ್ಟಳು. ಆಮೇಲೆ ದೇವರಮನೆಗೆ ಹೋಗಿ ದೀಪ ಹಚ್ಚಿದಳು. ವಿಭೂತಿ ಗಟ್ಟಿಯ ಕೆಳಗಿದ್ದ ಹಾಳೆಯನ್ನು ತೆಗೆದಳು. ಕೆಳಗೆ ಅವಳ ಹೆಸರು, ಅದರ ಮೇಲೆ ಸಹಿಗೆ ಬಿಟ್ಟ ಖಾಲಿ ಗೆರೆ. ಹಾಳೆಯನ್ನು ಮಗುಚಿ ಹಾಕಿ, ಪೂಜೆಯ ಮಣೆಯ ಮೇಲಿಟ್ಟು, ಕನ್ನಡಕ ಹಾಕಿಕೊಂಡಳು. ಪತ್ರ ಬರೆದು ಎಷ್ಟೋ ವರ್ಷವಾಗಿತ್ತು. 'ಠಾಣಾಧಿಕಾರಿಗಳಿಗೆ' ಎಂದು ಬರೆದು ನಿಲ್ಲಿಸಿದಳು. ಅಕ್ಷರ ಸೊಟ್ಟಗಾಗಿತ್ತು. ಒಪ್ಪಿಗೆ ಇಲ್ಲ ಎಂದಷ್ಟೇ ಬರೆದರೆ ಸಾಕು, ಲೈಸೆನ್ಸ್ ನಿಲ್ಲುತ್ತದೆ. ಕಾರಣ ಯಾರೂ ಕೇಳಲಾರರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

ಅವಳು ಬರೆದಳು: 'ಇಪ್ಪತ್ತಾರು ವರ್ಷದ ಹಿಂದೆ ಭದ್ರಾವತಿಯಲ್ಲಿ ಧರ್ಮಪ್ಪ ಎಂಬುವರು ಗುಂಡು ತಗುಲಿ ತೀರಿಕೊಂಡ ಭಾನುವಾರ ನನ್ನ ಗಂಡ ಮನೆಯಲ್ಲಿರಲಿಲ್ಲ.'

ಊಟದ ಮೇಜಿನಿಂದ ಮಗ ಕೂಗಿದ. "ಸೈನ್ ಆಯ್ತಾ ಅಮ್ಮ?"

"ಇನ್ನೂ ಬರೀತಾ ಇದ್ದೀನಿ" ಎಂದಳು ಉಮಾಮಹೇಶ್ವರಿ.